ಮೊಡವೆ ಮಾತ್ರೆ ಶುರು ಮಾಡಿ 5 ವಾರ, ಮುಖವೆಲ್ಲ ಸಿಪ್ಪೆ ಏಳುತ್ತಿದೆ. ಏನು ಹಚ್ಚಲಿ?

ತುಮಕೂರಿನವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ಹೇಳಿ.

ನನಗೆ 26 ವರ್ಷ. ಪಿಯುಸಿಯಿಂದಲೂ ಮೊಡವೆ. ದವಡೆ ಮೇಲೆ, ಬೆನ್ನ ಮೇಲೆ ಗಂಟು ಗಂಟಾಗಿ ಬರುತ್ತದೆ, ಒಡೆದರೆ ಗುಳಿ ಬಿಟ್ಟು ಹೋಗುತ್ತದೆ. ಮುಲಾಮು, ಆಂಟಿಬಯೋಟಿಕ್ ಎಲ್ಲ ಆಯ್ತು. ಕೊನೆಗೆ ಚರ್ಮದ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಐಸೊಟ್ರೆಟಿನಾಯಿನ್ 20 ಮಿಲಿಗ್ರಾಂ ಬರೆದುಕೊಟ್ಟರು. ದಿನಕ್ಕೊಂದು. ಈಗ 5 ವಾರ ಆಯ್ತು.

ಹೊಸ ಮೊಡವೆ ಕಡಿಮೆಯಾಗಿದೆ, ಅದು ನಿಜ. ಆದರೆ ಬೆಳಿಗ್ಗೆ ಏಳುವಾಗ ಎರಡು ತುಟಿ ಅಂಟಿಕೊಂಡಿರುತ್ತವೆ. ಆಕಳಿಸಿದರೆ ಬಾಯಿಯ ಮೂಲೆ ಬಿರಿದು ರಕ್ತ ಬರುತ್ತದೆ. ಮೂಗಿನ ಎರಡೂ ಪಕ್ಕ ಹೊಟ್ಟು. ನಿನ್ನೆ ಚಿತ್ರಾನ್ನ ತಿಂದೆ, ನಿಂಬೆಹುಳಿ ತಾಗಿ ತುಟಿ ಉರಿದ ಉರಿಗೆ ಕಣ್ಣಲ್ಲಿ ನೀರು ಬಂತು.

ಅಮ್ಮ "ಮೈ ಉಷ್ಣ ಆಗಿದೆ, ಕಡಲೆಹಿಟ್ಟಿಗೆ ಅರಿಶಿನ ಹಾಕಿ ತಿಕ್ಕಿ ತೊಳಿ, ಸಿಪ್ಪೆ ಎಲ್ಲ ಹೋಗುತ್ತೆ" ಅನ್ನುತ್ತಾರೆ. ಇನ್ನು 7 ವಾರಕ್ಕೆ ಮನೆಯಲ್ಲಿ ಮದುವೆ. ಪಾರ್ಲರ್‌ನವರು ಫೇಶಿಯಲ್, ವ್ಯಾಕ್ಸಿಂಗ್ ಎಲ್ಲ ಸೇರಿಸಿ ದಿನ ಬರೆದುಕೊಂಡಿದ್ದಾರೆ.

ಮುಖ ಯಾವುದರಲ್ಲಿ ತೊಳೆಯಲಿ? ಏನು ಹಚ್ಚಲಿ? ಡಾಕ್ಟರ್ "ಮಾಯಿಶ್ಚರೈಸರ್ ಹಾಕಿ" ಅಂತ ಒಂದೇ ಮಾತು ಹೇಳಿದರು. ಹೊರಗೆ ತುಂಬಾ ಜನ ಕಾಯುತ್ತಿದ್ದರು, ನನಗೂ ಕೂತು ಕೇಳೋಕೆ ಸಂಕೋಚ ಆಯ್ತು.

ಮಂಡ್ಯದ ಅಕ್ಕ

ಕಡಲೆಹಿಟ್ಟು ಬೇಡ. ವ್ಯಾಕ್ಸಿಂಗ್ ಅಂತೂ ಬೇಡವೇ ಬೇಡ. ಉಳಿದದ್ದು ರಾತ್ರಿ ಬಂದು ಬರೆಯುತ್ತೇನೆ.

ಹಾಸ್ಟೆಲ್ ಹುಡುಗ

ನಾನು 4ನೇ ತಿಂಗಳಲ್ಲಿದ್ದೇನೆ. ತುಟಿಗೆ ವ್ಯಾಸಲೀನ್ ಬಿಟ್ಟು ಬೇರೆ ಏನೂ ಕೆಲಸ ಮಾಡಲಿಲ್ಲ. ತಣ್ಣಗೆ ಜುಮ್ ಅನ್ನುವ ಬಾಮ್ ಬರುತ್ತಲ್ಲ, ಮೆಂಥಾಲ್, ಕರ್ಪೂರ ಹಾಕಿದ್ದು, ಅದನ್ನು ಮುಟ್ಟಬೇಡಿ. ಹಚ್ಚಿದಾಗ ಹಿತ, ಅರ್ಧ ಗಂಟೆಗೆ ಇನ್ನೂ ಒಣಗುತ್ತದೆ. ಪರಿಮಳದ್ದೂ ಬೇಡ. ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕು. ನನ್ನ ಹತ್ತಿರ ಮೂರು ಡಬ್ಬಿ ಇದೆ. ಹಾಸಿಗೆ ಪಕ್ಕ ಒಂದು, ಬ್ಯಾಗಲ್ಲಿ ಒಂದು, ಪ್ಯಾಂಟ್ ಜೇಬಲ್ಲಿ ಒಂದು. ಊಟಕ್ಕೆ ಮುಂಚೆ ದಪ್ಪಗೆ ಹಚ್ಚಿಕೊಂಡರೆ ಸಾರಿನ ಖಾರ, ಹುಳಿ ತಾಗಲ್ಲ.

ಮತ್ತೆ ತುಟಿಯ ಸಿಪ್ಪೆ ಕಿತ್ತುಕೊಳ್ಳಬೇಡಿ. ಎಷ್ಟೇ ಕೈ ತುರಿಸಿದರೂ.

ಅಜ್ಜಿಮದ್ದು

ಅಮ್ಮ ಹೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಹಿರಿಯರು ತಲೆತಲಾಂತರದಿಂದ ಕಡಲೆಹಿಟ್ಟಿನಲ್ಲೇ ಸ್ನಾನ ಮಾಡಿದವರು. ಅವರ ಚರ್ಮ ಹೇಗಿತ್ತು ನೋಡಿದ್ದೀರಲ್ಲ. ಇಷ್ಟು ಜೋರಿನ ಮಾತ್ರೆ ತಿಂದು ಆಮೇಲೆ ಹಿಟ್ಟಿಗೆ ಹೆದರುವುದು ನನಗೆ ಸರಿ ಕಾಣಲಿಲ್ಲ. ಲೋಳೆಸರ, ಎಳನೀರು, ಬೇವು ನೋಡಿ ಮೊದಲು.

ಚರ್ಮರೋಗ ಪಿಜಿ

ಹುಬ್ಬಳ್ಳಿಯಲ್ಲಿ ಚರ್ಮರೋಗ ವಿಭಾಗದಲ್ಲಿ ಓದುತ್ತಿದ್ದೇನೆ. ನಿಮ್ಮ ಡಾಕ್ಟರ್ ಹೇಳಿದ್ದೇ ಕೊನೆ ಮಾತು. ನಾನು ಬಿಡಿಸಿ ಹೇಳುತ್ತೇನೆ ಅಷ್ಟೆ.

ಅಜ್ಜಿಮದ್ದು ಅವರೇ, ಕಡಲೆಹಿಟ್ಟು ಕೆಟ್ಟದ್ದು ಅಂತ ಯಾರೂ ಹೇಳುತ್ತಿಲ್ಲ. ಎಣ್ಣೆ ಹಚ್ಚಿದ ಗಟ್ಟಿ ಚರ್ಮಕ್ಕೆ ಅದು ಸರಿ. ಈ ಮಾತ್ರೆ ಎ ವಿಟಮಿನ್ನಿನ ಜಾತಿಯದು. ಚರ್ಮದೊಳಗಿನ ಎಣ್ಣೆ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. ಮೊಡವೆ ಹೋಗುವುದೂ ಅದಕ್ಕೇ, ತುಟಿ ಒಡೆಯುವುದೂ ಅದಕ್ಕೇ. ಮೇಲಿನ ಪದರ ಎಷ್ಟು ತೆಳ್ಳಗಾಗಿರುತ್ತದೆ ಅಂದರೆ ಟವೆಲ್ಲಿನಲ್ಲಿ ಜೋರಾಗಿ ಒರೆಸಿದರೂ ಕೆಂಪಾಗುತ್ತದೆ. ಅದರ ಮೇಲೆ ಹಿಟ್ಟು ತಿಕ್ಕಿದರೆ ಒಳಗಿನ ಹಸಿ ಚರ್ಮವೂ ಕಿತ್ತು ಬರುತ್ತದೆ. ಎದ್ದಿರುವ ಸಿಪ್ಪೆ ಕೊಳೆ ಅಲ್ಲ. ಅದನ್ನು ತೆಗೆಯುವ ಕೆಲಸವೇ ಇಲ್ಲ, ಮೆತ್ತಗೆ ಮಾಡಿದರೆ ಸಾಕು.

ತೊಳೆಯಲು ನೊರೆ ಜಾಸ್ತಿ ಬರದ, ವಾಸನೆ ಇಲ್ಲದ ಸೋಪ್‌ಫ್ರೀ ಕ್ಲೆನ್ಸರ್. ಸೆಟಾಫಿಲ್ ತರಹದ್ದು, ಅದೇ ಆಗಬೇಕೆಂದೇನಿಲ್ಲ. ಮಾಮೂಲಿ ಸ್ನಾನದ ಸೋಪಿನ ಪಿಎಚ್ (ಹುಳಿ-ಕ್ಷಾರದ ಅಳತೆ) 9-10ರ ಹತ್ತಿರ ಇರುತ್ತದೆ, ಚರ್ಮದ್ದು 5ರ ಆಸುಪಾಸು. ಗಟ್ಟಿ ಚರ್ಮ ತಡೆದುಕೊಳ್ಳುತ್ತದೆ, ನಿಮ್ಮದು ಈಗ ತಡೆಯಲ್ಲ. ರಾತ್ರಿ ಒಂದು ಸಲ ಕ್ಲೆನ್ಸರ್, ಬೆಳಿಗ್ಗೆ ಬರೀ ನೀರು. ಬಿಸಿನೀರು ಬೇಡ, ಉಗುರುಬೆಚ್ಚಗೆ ಸಾಕು.

ಆಮೇಲೆ ಮುಖ ಪೂರ್ತಿ ಒರೆಸದೆ, ಹತ್ತಿ ಬಟ್ಟೆ ಒತ್ತಿ ತೆಗೆದು, ತೇವ ಇರುವಾಗಲೇ ಮಾಯಿಶ್ಚರೈಸರ್. ಗ್ಲಿಸರಿನ್, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಕೊಬ್ಬು) ಇರುವಂಥ ಕ್ರೀಮ್ ಒಳ್ಳೆಯದು. "ಮೊಡವೆ ಮುಖಕ್ಕೆ ಕ್ರೀಮ್ ಹಚ್ಚಿದರೆ ಮೊಡವೆ ಜಾಸ್ತಿ ಆಗುತ್ತೆ" ಅಂತ ಹೆದರಬೇಡಿ. ಈಗ ನಿಮ್ಮ ಮುಖದಲ್ಲಿ ಎಣ್ಣೆಯೇ ಇಲ್ಲ.

ಹಳೆಯ ಟ್ಯೂಬ್‌ಗಳು ಮನೆಯಲ್ಲಿ ಇರಬೇಕಲ್ಲ? ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್, ಸ್ಯಾಲಿಸಿಲಿಕ್ ಫೇಸ್‌ವಾಶ್, ಗ್ಲೈಕೋಲಿಕ್. ಡಾಕ್ಟರ್ ಹೇಳದ ಹೊರತು ಅವನ್ನೆಲ್ಲ ಎತ್ತಿಡಿ.

ತುಮಕೂರಿನವಳು

ಅಯ್ಯೋ, ಸ್ಯಾಲಿಸಿಲಿಕ್ ಫೇಸ್‌ವಾಶ್ ದಿನಕ್ಕೆ ಎರಡು ಸಲ ಹಾಕುತ್ತಿದ್ದೆ. ಹಳೆಯದು ಖಾಲಿಯಾಗಲಿ ಅಂತ. ಇವತ್ತೇ ಬಿಟ್ಟೆ.

ಬೋರ್‌ವೆಲ್ ಬಡಾವಣೆ

ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾವು ಬೆಂಗಳೂರಲ್ಲಿ ಕಾವೇರಿ ನೀರು ಬರುವ ಕಡೆಯಿಂದ ಬೋರ್‌ವೆಲ್ ಇರುವ ಕಡೆ ಮನೆ ಬದಲಾಯಿಸಿದೆವು. ತಂಗಿ ಇದೇ ಮಾತ್ರೆಯಲ್ಲಿದ್ದಳು. ಎರಡೇ ವಾರಕ್ಕೆ ಅವಳ ಮುಖ ಬೆಂಕಿ ಬಿದ್ದಂತಾಯಿತು. ಬಕೆಟ್ಟಿನ ಒಳಗೆ ಬಿಳಿ ಪಟ್ಟೆ ಕಟ್ಟುತ್ತಲ್ಲ, ಅಂಥ ಗಡಸು ನೀರು. ಕೊನೆಗೆ ಮುಖಕ್ಕೆ ಮಾತ್ರ ಒಂದು ಚೊಂಬು ಆರ್‌ಒ ನೀರು ಇಟ್ಟುಕೊಂಡಳು. ಅದೇ ಸರಿಹೋಯಿತು.

ರಾಯಚೂರು ಬಿಸಿಲು

ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಬರುತ್ತಲ್ಲ, ಅದು ಸಾಕಾಗಲ್ವಾ?

ಬೋರ್‌ವೆಲ್ ಬಡಾವಣೆ

ದುಡ್ಡು ದಂಡ. ಅದು ಮಣ್ಣು, ಕ್ಲೋರಿನ್ ಹಿಡಿಯುತ್ತದೆ, ಗಡಸುತನ ಹೋಗಲ್ಲ. ಗಡಸುತನ ಹೋಗಬೇಕಾದರೆ ಆರ್‌ಒ, ಇಲ್ಲವೇ ಉಪ್ಪು ಹಾಕುವ ಸಾಫ್ಟ್‌ನರ್ ಬೇಕು.

ರಾಯಚೂರು ಬಿಸಿಲು

ಸರಿ. ನಮ್ಮ ಕಡೆಯವರಿಗೆ ಒಂದು ಮಾತು. ಸನ್‌ಸ್ಕ್ರೀನ್ ಮರೆಯಬೇಡಿ. ನಾನು ಏಪ್ರಿಲ್‌ನಲ್ಲಿ ಮಾತ್ರೆ ಶುರು ಮಾಡಿ ಬೈಕಲ್ಲಿ ಕೆಲಸಕ್ಕೆ ಓಡಾಡಿದೆ. ಹೆಲ್ಮೆಟ್ ಗಾಜು ಎತ್ತಿಕೊಂಡಿದ್ದೆ. ಮೂಗಿನ ಮೇಲೆ, ಕೆನ್ನೆ ಮೇಲೆ ಸುಟ್ಟು ಕಪ್ಪಾದದ್ದು ಹೋಗೋಕೆ 8 ತಿಂಗಳು ಬೇಕಾಯಿತು. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಜಾಸ್ತಿ ಇರುವುದು, ಎರಡು ಬೆರಳಿನ ಉದ್ದಕ್ಕೆ ತೆಗೆದುಕೊಂಡು ಮುಖ, ಕತ್ತು ಎರಡಕ್ಕೂ. ಜೆಲ್ ತರಹದ್ದು ನನಗೆ ಉರಿಯಿತು, ಅದರಲ್ಲಿ ಆಲ್ಕೋಹಾಲ್ ಇತ್ತು. ಕ್ರೀಮ್ ತರಹದ್ದು ಒಗ್ಗಿತು.

ಕರಾವಳಿಯವ

ನಮ್ಮ ಮಂಗಳೂರಲ್ಲಿ ಮುಖಕ್ಕೆ ಕ್ರೀಮ್ ಹಚ್ಚಿದರೆ ಬೆವರಿನ ಜೊತೆ ಕಣ್ಣಿಗೆ ಇಳಿಯುತ್ತದೆ. ನಾನು ಹಗಲು ಲೋಶನ್, ರಾತ್ರಿ ಕ್ರೀಮ್ ಅಂತ ಮಾಡಿಕೊಂಡೆ. ಊರಿನ ಹವೆ ನೋಡಿಕೊಂಡು ಹಚ್ಚಿ.

ಮಂಡ್ಯದ ಅಕ್ಕ

ಈಗ ಕೂತೆ. ವ್ಯಾಕ್ಸಿಂಗ್ ಬೇಡ ಅಂದೆನಲ್ಲ, ಯಾಕೆ ಅಂತ ಹೇಳುತ್ತೇನೆ.

ನನ್ನ ಮೈದುನನ ಮದುವೆಗೆ ಎರಡು ದಿನ ಮುಂಚೆ ಪಾರ್ಲರಿಗೆ ಹೋದೆ. ಆಗ ಇದೇ ಮಾತ್ರೆಯ 3ನೇ ತಿಂಗಳು. ಮಾತ್ರೆ ತಗೊಳ್ಳುತ್ತೇನೆ ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಮೇಲ್ತುಟಿಗೆ ವ್ಯಾಕ್ಸ್ ಹಚ್ಚಿ ಪಟ್ಟಿ ಎಳೆದರು. ಪಟ್ಟಿಯ ಜೊತೆ ಚರ್ಮವೂ ಬಂತು. ಹೆಬ್ಬೆರಳಿನಷ್ಟು ಅಗಲ, ನೀರು ಜಿನುಗುವ ಕೆಂಪು ಗಾಯ. ಆ ಹುಡುಗಿ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ಅತ್ತೇ ಬಿಟ್ಟಳು. ಮದುವೆಯ ಎರಡು ದಿನವೂ ಸೆರಗು ಮುಚ್ಚಿಕೊಂಡೇ ಓಡಾಡಿದೆ. ಕಲೆ ಒಂದು ವರ್ಷ ಇತ್ತು.

ಹುಬ್ಬಿಗೆ ದಾರ ಹಾಕಿಸುವುದೂ ಬೇಡ. ನನ್ನ ತಂಗಿಗೆ ರೆಪ್ಪೆ ಮೇಲೆ ಗೆರೆ ಎಳೆದಂತೆ ಕಿತ್ತು ಬಂದಿತ್ತು. ಚಿಕ್ಕ ಕತ್ತರಿಯಲ್ಲಿ ಕತ್ತರಿಸಿ. ಕೈಕಾಲಿಗೆ ಟ್ರಿಮ್ಮರ್ ಸಾಕು. ಬ್ಲೀಚ್, ಫೇಶಿಯಲ್ ಎಲ್ಲ ರದ್ದು ಮಾಡಿಸಿ. ದುಡ್ಡು ಹೋದರೆ ಹೋಗಲಿ ಪುಟ್ಟ.

ಅಜ್ಜಿಮದ್ದು

ವ್ಯಾಕ್ಸಿಂಗ್ ವಿಷಯ ಒಪ್ಪಿದೆ. ಆದರೆ ಅರಿಶಿನ ಶಾಸ್ತ್ರಕ್ಕೆ ಏನು ಮಾಡುವುದು? ಅದನ್ನು ಬಿಡೋಕಾಗುತ್ತಾ?

ಮಂಡ್ಯದ ಅಕ್ಕ

ಯಾಕೆ ಬಿಡಬೇಕು? ಅರಿಶಿನಕ್ಕೆ ಎಣ್ಣೆ ಜಾಸ್ತಿ ಹಾಕಿ ಕಲಸಲಿ, ಕೆನ್ನೆಗೆ ಒಂದು ಬೊಟ್ಟು ಮುಟ್ಟಿಸಲಿ, ಉಳಿದದ್ದು ಕೈಗೆ ಕಾಲಿಗೆ. ಉಜ್ಜುವುದು ಬೇಡ ಅಂತ ಮೊದಲೇ ದೊಡ್ಡಮ್ಮ, ಅತ್ತೆ ಎಲ್ಲರಿಗೂ ಹೇಳಿಬಿಡಲಿ. ಒಬ್ಬರು ಪಕ್ಕದಲ್ಲಿ ನಿಂತು ನೋಡಿಕೊಂಡರೆ ಆಯ್ತು.

ಔಷಧಿ ಅಂಗಡಿ

ಚಿಕ್ಕ ಪಟ್ಟಣದಲ್ಲಿ 15 ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ಅಂಗಡಿಯಲ್ಲಿ ದಿನಾ ನೋಡುವುದನ್ನು ಹೇಳುತ್ತೇನೆ.

ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ಅಕ್ಕನಿಗೆ ಮೊಡವೆ ಹೋಯಿತು, ಉಳಿದ ಸ್ಟ್ರಿಪ್ ತಂಗಿ ನುಂಗುತ್ತಾಳೆ. ಇದು ತುಂಬಾ ನಡೆಯುತ್ತದೆ. ಲಿವರ್, ಕೊಬ್ಬಿನಂಶ ಪರೀಕ್ಷೆ ಮಾಡಿಸದೆ ತಗೊಳ್ಳುವ ಮಾತ್ರೆ ಅಲ್ಲ ಇದು. ಎ ವಿಟಮಿನ್ ಮಾತ್ರೆಯನ್ನೂ ಜೊತೆಗೆ ತಿನ್ನಬೇಡಿ. ಮನೆಯಲ್ಲಿ ಹಳೆಯ ಡಾಕ್ಸಿಸೈಕ್ಲಿನ್ (ಮೊಡವೆಗೆ ಕೊಡುವ ಆಂಟಿಬಯೋಟಿಕ್) ಉಳಿದಿದ್ದರೆ ಅದನ್ನೂ ಸೇರಿಸಿ ತಗೊಳ್ಳಬೇಡಿ. ಎರಡೂ ಸೇರಿದರೆ ತಲೆಯೊಳಗಿನ ಒತ್ತಡ ಏರುವ ಅಪಾಯ ಇದೆ. ತಡೆಯಲಾರದ ತಲೆನೋವು, ಕಣ್ಣು ಮಂಜು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನೊಂದು. ಮುಖ ಕೆಂಪಾಗಿದೆ ಅಂತ ಅಂಗಡಿಗೆ ಬಂದು "ಒಂದು ಒಳ್ಳೆ ಟ್ಯೂಬ್ ಕೊಡಿ" ಅನ್ನುತ್ತಾರೆ. ಸ್ಟೀರಾಯ್ಡ್ ಕಲಸಿದ ಟ್ಯೂಬ್ ಕೊಟ್ಟರೆ ಎರಡೇ ದಿನಕ್ಕೆ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿ ನಿಲ್ಲಿಸಿದರೆ ಮುಖ ಉರಿದು ಕೆಂಡ. 2018ರಲ್ಲೇ ಸರ್ಕಾರ ಇಂಥ ಟ್ಯೂಬ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಆದರೂ ಸಿಗುತ್ತದೆ, ನನ್ನ ಕಸುಬಿನವರೇ ಕೊಡುತ್ತಾರೆ. ಅದಕ್ಕೆ ನನಗೆ ಬೇಸರ ಇದೆ. ನೀವಾದರೂ ಕೇಳಬೇಡಿ.

ಹಾಸ್ಟೆಲ್ ಹುಡುಗ

ರಕ್ತದಾನವನ್ನೂ ಸೇರಿಸಿ ಸರ್. ಕಾಲೇಜಿನ ಶಿಬಿರದಲ್ಲಿ ಫಾರಂ ತುಂಬುವಾಗ ಮಾತ್ರೆ ಹೆಸರು ಬರೆದೆ, ವಾಪಸ್ ಕಳಿಸಿದರು. ಮಾತ್ರೆ ನಿಲ್ಲಿಸಿ ಒಂದು ತಿಂಗಳು ಕಳೆಯಬೇಕಂತೆ. ಆ ರಕ್ತ ಗರ್ಭಿಣಿಗೆ ಹೋದರೆ ಮಗುವಿಗೆ ಅಪಾಯ ಅಂತ ಅಲ್ಲೇ ಗೊತ್ತಾಗಿದ್ದು.

ಶಿಕಾಗೋ ಕನ್ನಡತಿ

ಅದೇ ವಿಷಯಕ್ಕೆ ಬಂದೆ. ತುಮಕೂರಿನವರೇ, ತಪ್ಪು ತಿಳಿಯಬೇಡಿ. ಮನೆಯಲ್ಲಿ ಮದುವೆ ಅಂದಿರಿ. ಮದುವೆ ನಿಮ್ಮದೇನಾ?

ತುಮಕೂರಿನವಳು

ಹೌದು ಅಕ್ಕ. ಮಾತ್ರೆ ಶುರು ಮಾಡುವಾಗ ನಿಶ್ಚಯ ಆಗಿರಲಿಲ್ಲ. ಆಮೇಲೆ ಆಯ್ತು.

ಶಿಕಾಗೋ ಕನ್ನಡತಿ

ಡಾಕ್ಟರಿಗೆ ಹೇಳಿದಿರಾ?

ತುಮಕೂರಿನವಳು

ಇಲ್ಲ. ಮುಂದಿನ ತಿಂಗಳು ತೋರಿಸೋಕೆ ಹೋಗಬೇಕು, ಆಗ ಹೇಳೋಣ ಅಂತ ಇದ್ದೆ. ಶುರುವಿನಲ್ಲಿ "ಮದುವೆ ಆಗಿದೆಯಾ" ಅಂತ ಕೇಳಿದ್ದರು, ಇಲ್ಲ ಅಂದಿದ್ದೆ.

ಶಿಕಾಗೋ ಕನ್ನಡತಿ

ನಾಳೆಯೇ ಫೋನ್ ಮಾಡಿ. ಕ್ರೀಮು, ಸೋಪು ಎಲ್ಲದಕ್ಕಿಂತ ಇದು ಮುಖ್ಯ.

ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತುಂಬಾ ಅಪಾಯ. ಮಿದುಳು, ಹೃದಯ, ಕಿವಿ, ಮುಖ ಸರಿಯಾಗಿ ಬೆಳೆಯದೆ ಹೋಗಬಹುದು. ಕಡಿಮೆ ಡೋಸಿನಲ್ಲೂ, ಕೆಲವೇ ದಿನ ತಗೊಂಡರೂ. ಇಲ್ಲಿ ಅಮೆರಿಕದಲ್ಲಿ 2006ರಿಂದ ಐಪ್ಲೆಡ್ಜ್ ಅಂತ ಒಂದು ವ್ಯವಸ್ಥೆ ಇದೆ. ನಾನು ಮಾತ್ರೆ ತಗೊಳ್ಳುವಾಗ ಪ್ರತಿ ತಿಂಗಳೂ ಗರ್ಭ ಪರೀಕ್ಷೆ, ಎರಡು ಬಗೆಯ ಗರ್ಭನಿರೋಧಕ ಬಳಸುತ್ತೇನೆ ಅಂತ ಬರೆದುಕೊಡುವುದು, ಆಮೇಲೇ ಅಂಗಡಿಯಲ್ಲಿ ಮಾತ್ರೆ. ಒಂದು ತಿಂಗಳು ಪರೀಕ್ಷೆ ತಡವಾಯಿತು, ಮಾತ್ರೆ ಕೊಡಲಿಲ್ಲ. ಆಗ ಸಿಟ್ಟು ಬಂದಿತ್ತು. ಈಗ ಅದು ಯಾಕೆ ಬೇಕು ಅಂತ ಗೊತ್ತು.

ನಮ್ಮೂರಲ್ಲಿ "ಮದುವೆ ಆಗಿಲ್ಲ" ಅಂದ ಕೂಡಲೇ ಈ ಮಾತು ಅಲ್ಲಿಗೇ ನಿಲ್ಲುತ್ತದೆ. ಹಾಗಾಗಬಾರದು.

ಚರ್ಮರೋಗ ಪಿಜಿ

ನಾನು ಮೊದಲೇ ಕೇಳಬೇಕಿತ್ತು, ಕೇಳಲಿಲ್ಲ. ಕ್ಷಮಿಸಿ.

ಮಾತ್ರೆ ನಿಲ್ಲಿಸಿ ಒಂದು ತಿಂಗಳು ಪೂರ್ತಿ ಕಳೆದ ಮೇಲೆ ಗರ್ಭ ಧರಿಸಿದರೆ ಈ ಮಾತ್ರೆಯಿಂದ ತೊಂದರೆ ಇಲ್ಲ. ಅದು ಮೈಯಲ್ಲಿ ವರ್ಷಗಟ್ಟಲೆ ಉಳಿಯಲ್ಲ, ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿ ಮಾಡಲ್ಲ. ಅತ್ತೆ ಮನೆಯವರು ಹಾಗೆಲ್ಲ ಹೆದರಿಸಿದರೆ ಇದನ್ನೇ ಹೇಳಿ.

ನಿಮಗೆ 7 ವಾರ ಇದೆ. ಈಗ ನಿಲ್ಲಿಸಿದರೆ ಆ ಒಂದು ತಿಂಗಳು ಮದುವೆಗೆ ಮುಂಚೆಯೇ ಮುಗಿಯುತ್ತದೆ, ಆದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಸಾಮಾನ್ಯವಾಗಿ ಚಿಕಿತ್ಸೆ ಮುಗಿಯುವಷ್ಟರಲ್ಲಿ ತಗೊಳ್ಳಬೇಕಾದ ಒಟ್ಟು ಮಾತ್ರೆಯ ಲೆಕ್ಕ ಮೈತೂಕದ ಒಂದು ಕೆಜಿಗೆ 120ರಿಂದ 150 ಮಿಲಿಗ್ರಾಂ. ನಿಮ್ಮ ತೂಕ 50 ಕೆಜಿ ಅಂದುಕೊಳ್ಳಿ, ಕಡಿಮೆ ಅಂದರೂ 6000 ಮಿಲಿಗ್ರಾಂ. ದಿನಕ್ಕೆ 20ರಂತೆ 300 ದಿನ. ಅಂದರೆ ಮದುವೆ ಆದಮೇಲೂ 7 ತಿಂಗಳು ನಡೆಯುತ್ತದೆ. ಹಾಗೆ ಮುಂದುವರಿಸುವುದಾದರೆ ನಂಬಿಕೆಯ ಗರ್ಭನಿರೋಧಕ ಬೇಕು, ತಿಂಗಳು ತಿಂಗಳು ಪರೀಕ್ಷೆ ಬೇಕು, ಮದುವೆ ಆಗುವವರಿಗೂ ಗೊತ್ತಿರಬೇಕು. ಯಾವುದು ಅಂತ ನೀವು, ಅವರು, ನಿಮ್ಮ ಡಾಕ್ಟರ್ ಕೂತು ತೀರ್ಮಾನ ಮಾಡಿ.

ಬೋರ್‌ವೆಲ್ ಬಡಾವಣೆ

300 ದಿನಾನಾ? ನನ್ನ ತಂಗಿಗೆ 6 ತಿಂಗಳಿಗೇ ಮುಗಿಸಿದರು.

ಚರ್ಮರೋಗ ಪಿಜಿ

ಡೋಸ್ ಜಾಸ್ತಿ ಇದ್ದಿರಬೇಕು. ದಿನಕ್ಕೆ 40 ಕೊಟ್ಟರೆ ದಿನ ಅರ್ಧ ಆಗುತ್ತದೆ, ಒಣಗುವುದು ಜಾಸ್ತಿ ಆಗುತ್ತದೆ. ಕಡಿಮೆ ಡೋಸಿನಲ್ಲಿ ನಿಧಾನ, ಆದರೆ ತಡೆದುಕೊಳ್ಳುವುದು ಸುಲಭ.

ಔಷಧಿ ಅಂಗಡಿ

ಮಾತ್ರೆ ಊಟದ ಜೊತೆ ತಗೊಳ್ಳುತ್ತಿದ್ದೀರಿ ಅಲ್ವಾ? ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅರ್ಧದಷ್ಟೂ ಮೈಗೆ ಹಿಡಿಯಲ್ಲ. ತುಪ್ಪ, ಮೊಟ್ಟೆ, ಶೇಂಗಾ ಚಟ್ನಿ, ಏನಾದರೂ ಜಿಡ್ಡು ಇರುವ ಊಟದ ಜೊತೆ ತಗೊಳ್ಳಿ.

ಹಾಸ್ಟೆಲ್ ಹುಡುಗ

ಇದು ನನಗೂ ಗೊತ್ತಿರಲಿಲ್ಲ! ಬೆಳಿಗ್ಗೆ ಬರೀ ಕಾಫಿ ಜೊತೆ ನುಂಗುತ್ತಿದ್ದೆ.

ಕರಾವಳಿಯವ

ಮೂಗಲ್ಲಿ ರಕ್ತ ಬರುವವರು ಯಾರಾದರೂ ಇದ್ದೀರಾ? ನನಗೆ ಏಸಿ ಆಫೀಸಿನಲ್ಲಿ ದಿನಾ ಬರುತ್ತಿತ್ತು. ರಾತ್ರಿ ಮಲಗುವಾಗ ಕಿರುಬೆರಳಲ್ಲಿ ಚೂರೇ ಚೂರು ವ್ಯಾಸಲೀನ್ ಮೂಗಿನ ಅಂಚಿಗೆ ಸವರಿಕೊಂಡೆ, ನಿಂತಿತು. ಕಣ್ಣೂ ಒಣಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಕನ್ನಡಕಕ್ಕೆ ಬಂದೆ.

ಮಂಡ್ಯದ ಅಕ್ಕ

ಪುಟ್ಟ, ಮನಸ್ಸು ಹೇಗಿದೆ? ನಿದ್ದೆ, ಊಟ ಸರಿ ಇದೆಯಾ? ಮದುವೆ ಗಡಿಬಿಡಿ ಬೇರೆ. ಸುಮ್ಸುಮ್ನೆ ಅಳು ಬಂದರೆ, ಯಾವುದೂ ಬೇಡ ಅನಿಸಿದರೆ ಅದನ್ನೂ ಡಾಕ್ಟರಿಗೆ ಹೇಳು. ಮಾತ್ರೆಯಿಂದ ಇರಬಹುದು, ಇಲ್ಲದಿರಬಹುದು. ಆದರೆ ಮುಚ್ಚಿಟ್ಟುಕೊಳ್ಳಬೇಡ.

ತುಮಕೂರಿನವಳು

ಮನಸ್ಸು ಸರಿ ಇದೆ ಅಕ್ಕ. ಇದನ್ನೆಲ್ಲ ಓದಿ ಸ್ವಲ್ಪ ಹೆದರಿಕೆ ಆಯ್ತು, ಆದರೆ ಗೊತ್ತಾಗಿದ್ದು ಒಳ್ಳೆಯದಾಯ್ತು. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.

ತುಮಕೂರಿನವಳು (12 ದಿನದ ನಂತರ)

ಏನಾಯ್ತು ಅಂತ ಹೇಳದೆ ಹೋಗೋದು ಸರಿಯಲ್ಲ ಅಂತ ಬಂದೆ.

ಮಾರನೇ ದಿನವೇ ಡಾಕ್ಟರ್ ಹತ್ತಿರ ಹೋದೆ. ಈ ಸಲ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮದುವೆ ನಿಶ್ಚಯ ಆಗಿದೆ ಅಂದ ತಕ್ಷಣ ಪೆನ್ ಕೆಳಗಿಟ್ಟು, 20 ನಿಮಿಷ ಕೂರಿಸಿ ಮಾತಾಡಿದರು. ಮದುವೆ ಆಗುವವರನ್ನೂ ಫೋನಲ್ಲಿ ಸೇರಿಸಿಕೊಂಡೆ. ಹೇಗೆ ಹೇಳೋದು ಅಂತ ಇಡೀ ರಾತ್ರಿ ಯೋಚಿಸಿದ್ದೆ. ಅವರು ಕೇಳಿದ್ದು ಒಂದೇ, "ನಿಂಗೆ ಯಾವುದು ಒಳ್ಳೇದು ಹೇಳು, ಹಾಗೇ ಮಾಡೋಣ" ಅಂತ. ಕೊನೆಗೆ ಈಗ ನಿಲ್ಲಿಸುವುದು ಅಂತ ಆಯ್ತು. ಮದುವೆ ಹೊತ್ತಿನಲ್ಲಿ ಈ ಚಿಂತೆ ಇಬ್ಬರಿಗೂ ಬೇಡ ಅನಿಸಿತು. ಮೊಡವೆ ವಾಪಸ್ ಬಂದರೆ ಆಮೇಲೆ ಎಲ್ಲ ವ್ಯವಸ್ಥೆ ಮಾಡಿಕೊಂಡು ಮತ್ತೆ ಶುರು ಮಾಡಬಹುದಂತೆ. ಮಾತ್ರೆ ನಿಲ್ಲಿಸಿದರೂ ವ್ಯಾಕ್ಸಿಂಗ್ 6 ತಿಂಗಳು ಬೇಡ ಅಂದರು.

ಮುಖಕ್ಕೆ ರಾತ್ರಿ ಕ್ಲೆನ್ಸರ್, ತೇವ ಇರುವಾಗಲೇ ಕ್ರೀಮ್, ಬೆಳಿಗ್ಗೆ ಸನ್‌ಸ್ಕ್ರೀನ್. ಅಷ್ಟೇ ಮಾಡುತ್ತಿದ್ದೇನೆ. ಮೂಗಿನ ಪಕ್ಕದ ಹೊಟ್ಟು ಹೋಗಿದೆ. ತುಟಿಯ ಮೂಲೆ ಕೂಡಿಕೊಂಡಿದೆ. ಮೊನ್ನೆ ಮತ್ತೆ ಚಿತ್ರಾನ್ನ ತಿಂದೆ, ಉರಿಯಲಿಲ್ಲ.

ಅಮ್ಮನಿಗೆ ಮಂಡ್ಯದ ಅಕ್ಕನ ಕಥೆ ಓದಿ ಹೇಳಿದೆ. ಪಾರ್ಲರಿಗೆ ಅವರೇ ಫೋನ್ ಮಾಡಿ ಬೇಡ ಅಂದರು. ಈಗ ದಿನಾ ರಾತ್ರಿ "ತುಟಿಗೆ ಹಚ್ಚಿಕೊಂಡೆಯಾ" ಅಂತ ಕೇಳುತ್ತಾರೆ.

ಅಜ್ಜಿಮದ್ದು

ಒಳ್ಳೆಯದಾಗಲಿ ತಂಗಿ. ಅರಿಶಿನಕ್ಕೆ ಎಣ್ಣೆ ಕಲಸುವಾಗ ಕೊಬ್ಬರಿ ಎಣ್ಣೆ ಹಾಕಿಸು, ಹರಳೆಣ್ಣೆ ಅಂಟುತ್ತದೆ, ತೊಳೆಯುವಾಗ ಉಜ್ಜಬೇಕಾಗುತ್ತದೆ.

ಚರ್ಮರೋಗ ಪಿಜಿ

ಇದು ಸರಿಯಾದ ಮಾತು. ಒಂದು ವಾರ ಮುಂಚೆ ಆ ಅರಿಶಿನವನ್ನು ಕಿವಿಯ ಹಿಂದೆ ಚೂರು ಹಚ್ಚಿ ನೋಡಿ. ಮೇಕಪ್ ಮಾಡುವವರಿಗೂ ಮಾತ್ರೆಯ ವಿಷಯ ಹೇಳಿ, ಅವರು ಹಚ್ಚುವುದನ್ನೂ ಹಾಗೇ ಮೊದಲೇ ನೋಡಿಕೊಳ್ಳಿ.

ರಾಯಚೂರು ಬಿಸಿಲು

ಮದುವೆ ಮಂಟಪ ಹೊರಗಡೆನಾ? ಹಾಗಿದ್ದರೆ ಧಾರೆಗೆ ಮುಂಚೆ ಸನ್‌ಸ್ಕ್ರೀನ್ ಮರೆಯಬೇಡಿ, ಮೇಕಪ್ ಕೆಳಗೆ.